ಮಗಳೇ, ಬಾಬ್ ಹೆಂಡ್ಲಿಯ ಕಥೆಯನ್ನೂ ಕೇಳು

ಪ್ರೀತಿಯ ಪುಟ್ಟಿ,

ಶನಿವಾರ ಆಫೀಸಿನವರ ಜೊತೆ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂಗೆ ಬೇಸ್‌ಬಾಲ್ ನೋಡೋಕೆ ಹೋಗ್ತೀನಿ ಅಂದೆಯಲ್ಲ, ತುಂಬಾ ಖುಷಿಯಾಯಿತು. ಅಲ್ಲಿ ಯಾರಾದರೂ ಡಾಡ್ಜರ್ಸ್ ತಂಡದ ಹಳೆಯ ಪಿಚರ್ (ಚೆಂಡೆಸೆಯುವವ) ಸ್ಯಾಂಡಿ ಕೋಫ್ಯಾಕ್ಸ್ ಹೆಸರು ಎತ್ತಿಯೇ ಎತ್ತುತ್ತಾರೆ. ಗಮನವಿಟ್ಟು ಕೇಳು, ಅವರು ಹೇಳೋದೆಲ್ಲ ನಿಜ. ಆದರೆ ನೀನು ಷಿಕಾಗೋದಲ್ಲಿ ಬೆಳೆದವಳು. ಅವರು ನೆನೆಯುವ ಆ ರಾತ್ರಿ ಅದೇ ಮೈದಾನದಲ್ಲಿ ನಮ್ಮೂರಿನ ತಂಡ ಕಬ್ಸ್ ಕಡೆಯಿಂದ ಚೆಂಡೆಸೆದವನ ಬಗ್ಗೆಯೂ ನಿನಗೆ ಗೊತ್ತಿರಬೇಕು.

1965ರ ಸೆಪ್ಟೆಂಬರ್ 9. ಎರಡೂ ಕಡೆ ಎಡಗೈ ಪಿಚರ್‌ಗಳು. ಡಾಡ್ಜರ್ಸ್‌ಗೆ ಕೋಫ್ಯಾಕ್ಸ್, ಕಬ್ಸ್‌ಗೆ ಬಾಬ್ ಹೆಂಡ್ಲಿ. ಕೋಫ್ಯಾಕ್ಸ್ ಆಗಲೇ ದೊಡ್ಡ ಹೆಸರು. ಹೆಂಡ್ಲಿಯನ್ನು ಅಷ್ಟಾಗಿ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂಬತ್ತು ಇನ್ನಿಂಗ್ಸ್‌ನಲ್ಲಿ ನಾಲ್ಕು ಮುಗಿದರೂ ಯಾವ ಕಡೆಯವನೂ ಮೊದಲ ಬೇಸ್ ಮುಟ್ಟಿರಲಿಲ್ಲ (ಮೂರು ಬೇಸ್ ದಾಟಿ ಮನೆ ಸೇರಿದರೆ ಒಂದು ರನ್).

ಐದನೆಯದರಲ್ಲಿ ಹೆಂಡ್ಲಿ ಡಾಡ್ಜರ್ಸ್‌ನ ಲೂ ಜಾನ್ಸನ್‌ಗೆ ಒಂದು ವಾಕ್ ಕೊಟ್ಟ, ಅಂದರೆ ನಾಲ್ಕು ಎಸೆತ ಗುರಿ ತಪ್ಪಿ ಅವನಿಗೆ ಮೊದಲ ಬೇಸ್ ಪುಕ್ಕಟೆ. ರಾನ್ ಫೇರ್ಲಿ ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ), ತಾನು ಔಟಾಗಿ, ಜಾನ್ಸನ್‌ನನ್ನು ಎರಡನೇ ಬೇಸಿಗೆ ದಾಟಿಸಿದ. ಜಾನ್ಸನ್ ಮೂರನೇ ಬೇಸ್ ಕದಿಯಲು (ಹೊಡೆತಕ್ಕೆ ಕಾಯದೆ ಮುಟ್ಟಲು) ಓಡಿದಾಗ ನಮ್ಮ ಕ್ಯಾಚರ್, ಬ್ಯಾಟರ್‌ನ ಹಿಂದೆ ಚೆಂಡು ಹಿಡಿಯುವ ಕ್ರಿಸ್ ಕ್ರಗ್ ಎಸೆದ ಚೆಂಡು ಗುರಿ ತಪ್ಪಿ ಆಚೆ ಹೋಯಿತು. ಜಾನ್ಸನ್ ಮನೆ ಸೇರಿದ. ಒಂದು ರನ್. ಒಂದೇ ಒಂದು ಹಿಟ್ (ಹೊಡೆದು ಬೇಸ್ ಗಳಿಸುವುದು) ಇಲ್ಲದೆ ಬಂದ ರನ್, ಪುಟ್ಟಿ! ಹೆಂಡ್ಲಿಯ ಎಸೆತವನ್ನು ಹೊಡೆದು ಅಲ್ಲಿಯವರೆಗೆ ಯಾರೂ ಬೇಸ್ ಗಳಿಸಿರಲೇ ಇಲ್ಲ.

ಏಳನೆಯದರಲ್ಲಿ ಅದೇ ಜಾನ್ಸನ್ ಒಂದು ಹಿಟ್ ಹೊಡೆದ. ಇಡೀ ರಾತ್ರಿ ಎರಡೂ ತಂಡಕ್ಕೆ ಸೇರಿ ಅದೊಂದೇ. ಆ ಹಿಟ್‌ನಿಂದ ರನ್ನೂ ಬರಲಿಲ್ಲ.

ಈ ಕಡೆ ನಮ್ಮವರು 27 ಸಲ ಬ್ಯಾಟ್ ಹಿಡಿದು ಬಂದರು, 27 ಸಲವೂ ಔಟ್. ಅದರಲ್ಲಿ 14 ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ನಮ್ಮ ದೊಡ್ಡ ಬ್ಯಾಟರ್ ಎರ್ನಿ ಬ್ಯಾಂಕ್ಸ್ ಅಂಥವನೇ ಮೂರು ಸಲ ಬರಿಗೈಲಿ ವಾಪಸ್ ಹೋದ. ಕೊನೆಯ ಆರು ಜನ ಸಾಲಾಗಿ ಸ್ಟ್ರೈಕ್‌ಔಟ್. ಒಂಬತ್ತನೆಯದರಲ್ಲಿ ಮೊದಲು ಬಂದವನು ಆ ಕ್ರಗ್. ಪಾಪ, ಅವನ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ರೇಡಿಯೋದಲ್ಲಿ ಡಾಡ್ಜರ್ಸ್‌ನ ಕಾಮೆಂಟೇಟರ್ ವಿನ್ ಸ್ಕಲ್ಲಿ ಆ ಇನ್ನಿಂಗ್ಸ್‌ನ ಉದ್ದಕ್ಕೂ ಗಂಟೆ ಎಷ್ಟಾಯಿತು ಅಂತ ಹೇಳುತ್ತಾ ಹೋದರು. ನಮ್ಮ ಕೊನೆಯ ಬ್ಯಾಟರ್ ಹಾರ್ವಿ ಕೀನ್ ಬ್ಯಾಟ್ ಬೀಸಿ ಚೆಂಡು ಸಿಗದೆ ಕೊನೆಯ ಸ್ಟ್ರೈಕ್‌ಗೆ ಔಟಾದಾಗ ರಾತ್ರಿ 9.46. ಆ ಮಾತುಗಳ ರೆಕಾರ್ಡಿಂಗ್ ಸಿಗುತ್ತದೆ, ಹೋಗುವ ಮೊದಲು ಕೇಳು.

1-0. ಪರ್ಫೆಕ್ಟ್ ಗೇಮ್, ಅಂದರೆ ಎದುರಾಳಿಯ ಒಬ್ಬನೂ ಬೇಸ್ ಮುಟ್ಟದ ಆಟ. ಕೋಫ್ಯಾಕ್ಸ್‌ಗೆ ಸತತ ನಾಲ್ಕು ವರ್ಷಗಳಲ್ಲಿ ನಾಲ್ಕನೇ ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಸಿಗದ ಆಟ).

ನನಗೆ ಅನ್ನಿಸೋದು ಇಷ್ಟು. ಹೆಂಡ್ಲಿ ಅವತ್ತು ನಾಲ್ಕೈದು ರನ್ ಬಿಟ್ಟಿದ್ದರೆ ಕೋಫ್ಯಾಕ್ಸ್ ಆರಾಮಾಗಿ ಎಸೆಯಬಹುದಿತ್ತು. ಬಿಡಲಿಲ್ಲ. ಹಾಗಾಗಿ ಕೋಫ್ಯಾಕ್ಸ್‌ಗೆ ಒಂದೇ ಒಂದು ಎಸೆತದಲ್ಲೂ ಮೈಮರೆಯುವ ಹಾಗಿರಲಿಲ್ಲ. ಕೋಫ್ಯಾಕ್ಸ್ ನೋವಿರುವ ಮೊಣಕೈಯಲ್ಲೇ ಎಸೆಯುತ್ತಿದ್ದ, ಹೆಂಡ್ಲಿ ಅವನಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಆ ರಾತ್ರಿಯನ್ನು ಇಬ್ಬರೂ ಸೇರಿ ಕಟ್ಟಿದ್ದು. ರನ್ ಜಾಸ್ತಿ ಬಂದರೇ ಆಟ ಚೆಂದ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಸ್ಕೋರ್ ಬೋರ್ಡಿನಲ್ಲಿ ಸೊನ್ನೆಗಳೇ ಸಾಲಾಗಿ ನಿಂತಾಗ ಒಂದು ವಾಕ್, ಒಂದು ಬಂಟ್, ಒಂದು ತಪ್ಪು ಎಸೆತ, ಎಲ್ಲಕ್ಕೂ ತೂಕ ಬರುತ್ತದೆ. ಶನಿವಾರ ಹಾಗಾದರೆ ನೀನು ಬರೀ ಚೆಂಡಿನ ಹಿಂದೆ ಕಣ್ಣು ಓಡಿಸಬೇಡ. ಕ್ಯಾಚರ್ ಗ್ಲೌಸ್ ಎಲ್ಲಿ ಹಿಡಿದಿದ್ದಾನೆ, ಚೆಂಡು ಅಲ್ಲಿಗೇ ಬಂತಾ ಅಂತ ನೋಡು. ಮಜಾ ಇರೋದು ಅಲ್ಲಿ.

ಇನ್ನೊಂದು ವಿಷಯ. ಐದೇ ದಿನ ಕಳೆದು, ಸೆಪ್ಟೆಂಬರ್ 14ರಂದು, ಇಲ್ಲೇ ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಕಬ್ಸ್ 2-1ರಿಂದ ಗೆದ್ದರು, ಗೆದ್ದ ಪಿಚರ್ ಹೆಂಡ್ಲಿ. ಇದನ್ನು ನಿನ್ನ ಆಫೀಸಿನವರಿಗೆ ಖಂಡಿತ ಹೇಳು.

ಸಂಜೆ ಅಲ್ಲಿ ಚಳಿ ಏಳುತ್ತಂತೆ, ಸ್ವೆಟರ್ ತಗೊಂಡು ಹೋಗು.

ನಿನ್ನ
ಅಪ್ಪ