‘ಅವಳ ಪುಸ್ತಕ’ ಅಂತ ಬರೆದು ಬಂದೆ

ಮೊನ್ನೆ ಫಲಿತಾಂಶ ಬಂತು. ಗ್ರಂಥಾಲಯ ವಿಜ್ಞಾನದ ಪದವಿ ಬಿ.ಲಿಬ್.ಐ.ಎಸ್ಸಿ. ಪಾಸಾಗಿದ್ದೇನೆ, ಪ್ರಥಮ ದರ್ಜೆ. ನನಗೀಗ 43 ವರ್ಷ. ಶಿರಾ ಕಡೆಯ ಒಂದು ಹಳ್ಳಿಯಲ್ಲಿ 17 ವರ್ಷದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಫೀಸು ಕಟ್ಟಿ, ರಾತ್ರಿ ಓದಿ, ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಬರೆದೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮತ್ತೆಗೆ. ಅವರಿಗೆ ಓದು ಬರಹ ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಬಾಗಿಲು ತೆಗೆಯಬೇಕಿತ್ತು. ಬೆಳಗ್ಗೆ ಅಂದರೆ ಮುದ್ದೆಗೆ ಎಸರಿಡುವ ಹೊತ್ತು, ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಹೊತ್ತು. ಸಂಜೆ ಅಂದರೆ ಹಾಲು ಕರೆಯುವ ಹೊತ್ತು. ಆ ವೇಳೆ ಗೊತ್ತು ಮಾಡುವಾಗ ಒಬ್ಬ ಹೆಂಗಸನ್ನೂ ಕೇಳಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ. “ನೀನು ಬೀಗದ ಕೈ ತಗೊಂಡು ಹೊರಡವ್ವ, ಎಮ್ಮೆ ನಾನು ಕರೀತೀನಿ” ಅಂದವರು ಅತ್ತೆ. ಒಂದು ದಿನ ಅಲ್ಲ, 17 ವರ್ಷ ಅಂದರು. ಅತ್ತೆ, ನಿಮ್ಮ ಮುಂದೆ ಇದನ್ನು ಓದಿ ಹೇಳುತ್ತೇನೆ, ಆಗ ನೀವು ಎದ್ದು ಹೋಗಬಾರದು.

ಗ್ರಂಥಾಲಯದ ಹಿಂದಿನ ಮನೆಯ ಅಜ್ಜಿಗೆ. ನಮ್ಮ ಕಟ್ಟಡಕ್ಕೆ ಒಂಬತ್ತು ವರ್ಷ ಶೌಚಾಲಯವೇ ಇರಲಿಲ್ಲ. ಅರ್ಜಿ ಕೊಟ್ಟೆ, ಮತ್ತೆ ಕೊಟ್ಟೆ. ಅಷ್ಟೂ ವರ್ಷ ಅಜ್ಜಿ ಹಿತ್ತಿಲ ಬಾಗಿಲಿಗೆ ಅಗಳಿ ಹಾಕದೆ ಬಿಟ್ಟಿದ್ದರು, ಬಸುರಿಯಾಗಿದ್ದಾಗ ಮಜ್ಜಿಗೆಯನ್ನೂ ಕೊಟ್ಟು ಕಳಿಸುತ್ತಿದ್ದರು. ಈ ಕೆಲಸ ನಾನು ಬಿಡದೆ ಉಳಿಸಿಕೊಂಡಿದ್ದರಲ್ಲಿ ಆ ಹಿತ್ತಿಲ ಬಾಗಿಲಿನ ಪಾಲು ಜಾಸ್ತಿ.

ಒಮ್ಮೆ ತಪಾಸಣೆಗೆ ಬಂದ ಒಬ್ಬ ಅಧಿಕಾರಿ, “ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ ಅಲ್ವಾ ಇದು, ಸುಮ್ನೆ ಕೂತಿರೋದು” ಅಂದರು. ಆಗ ಮೂರು ತಿಂಗಳಿಂದ ಗೌರವಧನ ಬಂದಿರಲಿಲ್ಲ. ನಾನು ಏನೂ ಹೇಳಲಿಲ್ಲ. ಆದರೆ ಆ ಮಾತು ಒಳಗೇ ಉಳಿಯಿತು, ಓದಬೇಕು ಅಂತ ಛಲ ಹುಟ್ಟಿದ್ದೂ ಆವತ್ತೇ.

ಓದಲು ಕೂತ ಮೇಲೆ ಗೊತ್ತಾಯಿತು, ಆ ಮಾತಿಗೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಪುಸ್ತಕಗಳಿಗೆ ದಶಮಾಂಶ ಸಂಖ್ಯೆ ಕೊಡುವ ಪದ್ಧತಿ ತಂದ ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರಿಗೆ ತರಬೇತಿ ಶುರು ಮಾಡಿದ. ಮೊದಲ ತಂಡದ 20 ಜನರಲ್ಲಿ 17 ಹೆಂಗಸರು. ಹೆಂಗಸರನ್ನು ಸೇರಿಸಿದ್ದು ಕಾಲೇಜಿನ ಆಡಳಿತದವರಿಗೆ ಹಿಡಿಸಲಿಲ್ಲ, ಪಾಠಕ್ಕೆ ಕೋಣೆಯನ್ನೂ ಕೊಡಲಿಲ್ಲ, ಸಾಮಾನು ಇಡುವ ಕೋಣೆಯಲ್ಲಿ ಪಾಠ ನಡೆಯಿತು. ಆ ಕಾಲದ ಗ್ರಂಥಾಲಯಗಳು ಹೆಂಗಸರನ್ನು ಕರೆದದ್ದಕ್ಕೆ ಒಂದು ದೊಡ್ಡ ಕಾರಣ, ಚೆನ್ನಾಗಿ ಓದಿದವರು ಗಂಡಸರಿಗಿಂತ ಕಡಿಮೆ ಸಂಬಳಕ್ಕೆ ಸಿಗುತ್ತಿದ್ದರು ಎಂಬುದು. ಹೇಳಿ ಮಾಡಿಸಿದ ಕೆಲಸ ಅಂದರೆ ಇದೇ. ಇಷ್ಟು ಅಕ್ಕರೆಯ ಕೆಲಸಕ್ಕೆ ದುಡ್ಡು ಯಾಕೆ ಅನ್ನುತ್ತಾರೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ಡ್ಯೂಯಿ ಹೆಂಗಸರ ಜೊತೆ ಕೆಟ್ಟದಾಗಿ ನಡೆದುಕೊಂಡ ಅಂತ ದೂರು ಬಂದು 1906ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದಿಂದ ದೂರ ಸರಿಯಬೇಕಾಯಿತು. ಆ ಸಂಘ ತನ್ನ ಪದಕದಿಂದ ಅವನ ಹೆಸರು ತೆಗೆಯಲು ತೀರ್ಮಾನಿಸಿದ್ದು ಮಾತ್ರ 2019ರಲ್ಲಿ. ನಡುವೆ ಎಷ್ಟು ವರ್ಷ ಲೆಕ್ಕ ಹಾಕಿ. ಅವನ ಹಳೆಯ ಪಟ್ಟಿಯಲ್ಲಿ ಹೆಂಗಸರ ವಿಷಯಕ್ಕೆ 396 ಅಂತ ಸಂಖ್ಯೆ. ಪಕ್ಕದ 395 ಶಿಷ್ಟಾಚಾರ, 391 ಉಡುಗೆ ತೊಡುಗೆ. ನಾವು ಅಲ್ಲಿ ರೀತಿ ರಿವಾಜುಗಳ ಸಾಲಿನಲ್ಲಿ ಇದ್ದೆವು. ಈಗ ಸಮಾಜ ವಿಜ್ಞಾನದ 305.4ಕ್ಕೆ ಬಂದಿದ್ದೇವೆ. ಆವತ್ತು ಬಾಯಿ ಬಿಟ್ಟು ದೂರು ಹೇಳಿದ ಆ ಹೆಂಗಸರಿಗೂ ನನ್ನ ಕೃತಜ್ಞತೆ ಇದೆ.

ಇನ್ನು ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ರಂಗನಾಥನ್ ಅವರ ಐದು ಸೂತ್ರ. ನೋಟ್ಸಿನಲ್ಲಿ ಎರಡನೇ ಸೂತ್ರವನ್ನು ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಅಂತ ಬರೆದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, 1931ರಲ್ಲೇ ಅವರು ಈ ಸೂತ್ರ ವಿವರಿಸುವಾಗ ಗಂಡಸರು ಮತ್ತು ಹೆಂಗಸರು, ಪಟ್ಟಣದವರು ಮತ್ತು ಹಳ್ಳಿಯವರು ಅಂತ ಬೇರೆ ಬೇರೆಯಾಗಿ ತೆಗೆದುಕೊಂಡು, ಪುಸ್ತಕ ಇವರೆಲ್ಲರಿಗೂ ಸೇರಬೇಕು ಅಂತ ವಾದ ಮಾಡಿದ್ದಾರೆ. ಹಳ್ಳಿಯ ಹೆಂಗಸು ನಾನು, ಎರಡೂ ಕಡೆ ನನ್ನದೇ ಮಾತು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗ ‘ಪ್ರತಿಯೊಬ್ಬಳಿಗೂ ಅವಳ ಪುಸ್ತಕ, ಪ್ರತಿಯೊಬ್ಬನಿಗೂ ಅವನ ಪುಸ್ತಕ’ ಅಂತ ಬರೆದೆ. ಬರೆಯುವಾಗ ಕೈ ನಡುಗಿತು. ಮೌಲ್ಯಮಾಪನ ಮಾಡಿದವರು ಯಾರೋ ಗೊತ್ತಿಲ್ಲ, ಅವರಿಗೂ ಥ್ಯಾಂಕ್ಸ್.

ಈ ಸೂತ್ರವನ್ನು ನನಗೆ ನಿಜವಾಗಿ ಕಲಿಸಿದವಳು ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ನಮ್ಮಲ್ಲಿ ಪೇಪರ್ ಓದುವ ಮೇಜು ಗಂಡಸರದ್ದೇ ಆಗಿತ್ತು. ಹೆಂಗಸರು ಬಾಗಿಲ ತನಕ ಬಂದು, “ಅಕ್ಕ, ಒಂದು ಕಾದಂಬರಿ ಕೊಡಿ” ಅಂತ ಕೇಳಿ, ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಈ ಹುಡುಗಿ ಒಂದು ಸಂಜೆ ಬಂದು ಅದೇ ಬೆಂಚಿನಲ್ಲಿ ಜಾಗ ಕೇಳಿ ಕೂತಳು. ಎಲ್ಲರೂ ತಲೆ ಎತ್ತಿ ನೋಡಿದರು. ಅವಳು ಪೇಪರ್ ಓದಿ ಮುಗಿಸಿ, ಮಡಚಿಟ್ಟು ಹೋದಳು. ಮರುದಿನವೂ ಬಂದಳು. ಈಗ ಅವಳು ನರ್ಸ್. ಪುಟ್ಟಿ, ನೀನು ಎಲ್ಲಿದ್ದರೂ ಇದು ನಿನಗೆ ತಲುಪಲಿ.

2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಹಳ್ಳಿ ಮಕ್ಕಳನ್ನು ಓದಿಗೆ ಹಚ್ಚುವ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ತಮ್ಮಂದಿರನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೆಣ್ಣುಮಕ್ಕಳು ಬಂದರು. ಅವರನ್ನು ಕರೆದುಕೊಂಡು ಹೋಗಲು ಬಂದ ತಾಯಂದಿರು ಹಾಗೇ ಕೂತರು. ಆ ಸಂಜೆಗಳು ನನ್ನ ಕೆಲಸದ ಅತಿ ಒಳ್ಳೆಯ ದಿನಗಳು.

ಕನಿಷ್ಠ ವೇತನ ಕೇಳಲು ಬೆಂಗಳೂರಿಗೆ ಹೋಗಿ ಬಿಸಿಲಲ್ಲಿ ಕೂತ ಮೇಲ್ವಿಚಾರಕರೇ, ಅಕ್ಕಂದಿರೇ, ಅಣ್ಣಂದಿರೇ, ನೀವು ನೀರಿನ ಬಾಟಲಿ ಹಂಚಿಕೊಂಡದ್ದನ್ನು ಮರೆತಿಲ್ಲ. ಪರೀಕ್ಷೆಯ ದಿನಗಳಲ್ಲಿ ಬಾಗಿಲು ತೆಗೆದು ರಿಜಿಸ್ಟರ್ ನೋಡಿಕೊಂಡ ಅಂಗನವಾಡಿ ಟೀಚರ್‌ಗೂ, ಒಂದು ಸಲವೂ “ಈ ವಯಸ್ಸಲ್ಲಿ ಯಾಕೆ” ಅನ್ನದ ನಮ್ಮ ಯಜಮಾನರಿಗೂ ನಾನು ಋಣಿ.

ನನ್ನ ನೋಟ್ಸ್ ಎಲ್ಲ ಜೋಡಿಸಿಟ್ಟಿದ್ದೇನೆ, ಆರು ಲಾಂಗ್ ಬುಕ್. ಬಿ.ಲಿಬ್. ಕಟ್ಟುವ ಮನಸ್ಸಿರುವ ಮೇಲ್ವಿಚಾರಕಿಯರು ಯಾರಿದ್ದರೂ ಹೇಳಿ, ಜೆರಾಕ್ಸ್ ಮಾಡಿಸಿ ಬಸ್ಸಿನಲ್ಲಿ ಕಳಿಸುತ್ತೇನೆ. ಎರಡನೇ ಸೂತ್ರದ ಪುಟದಲ್ಲಿ ‘ಅವಳ’ ಅಂತ ಕೆಂಪು ಪೆನ್ನಲ್ಲಿ ಸೇರಿಸಿದ್ದೇನೆ.