ಕೆಟ್ಟಿರುವುದು ಡಿಸ್ಕ್ ಅಲ್ಲ, ನಿಮ್ಮ ಪೆಟ್ಟಿಗೆಯ ಮೂರನೇ ಸ್ಲಾಟ್

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ,
ಬೆಂಗಳೂರು ಕಚೇರಿ.

ವಿಷಯ: ಮನೆ ಬಳಕೆಯ ಸ್ಟೋರೇಜ್ ಸರ್ವರ್‌ನಲ್ಲಿ ಡಿಸ್ಕ್ ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿರುವುದು, ಮತ್ತು ಕಾರಣ ಹುಡುಕದೆಯೇ ದೂರನ್ನು ಪದೇ ಪದೇ ಮುಕ್ತಾಯಗೊಳಿಸಿರುವುದು.

ಮಾನ್ಯರೇ,

ನಿಮ್ಮ ಸಂಸ್ಥೆಯಿಂದ ನಾನು ಕೊಂಡ, ಡಿಸ್ಕ್ ಕೂರಿಸುವ ನಾಲ್ಕು ಗೂಡುಗಳಿರುವ, ಅಂದರೆ ನಾಲ್ಕು ಸ್ಲಾಟಿನ ಸ್ಟೋರೇಜ್ ಸರ್ವರ್ ಪೆಟ್ಟಿಗೆ, ಅದರ ಜೊತೆಗೆ ನೀವೇ ಶಿಫಾರಸು ಮಾಡಿ ಮಾರಿದ 8 ಟೆರಾಬೈಟ್‌ನ ನಾಲ್ಕು ಹಾರ್ಡ್ ಡಿಸ್ಕ್‌ಗಳು, ಇವುಗಳ ಬಗ್ಗೆ ಈ ಪತ್ರ. ಪೆಟ್ಟಿಗೆಯೂ ಡಿಸ್ಕ್‌ಗಳೂ ಇನ್ನೂ ವಾರಂಟಿ ಅವಧಿಯಲ್ಲಿವೆ. ಮೂರನೇ ಸ್ಲಾಟಿನಲ್ಲಿರುವ ಡಿಸ್ಕ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ, ಸರ್ವರ್ ಎಚ್ಚರಿಕೆಯ ಸದ್ದು ಮಾಡುತ್ತದೆ. ಸರ್ವರನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಅದೇ ಡಿಸ್ಕ್ ಏನೂ ಆಗದಂತೆ ಮರಳಿ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ವಾರಗಟ್ಟಲೆ ಸರಿಯಾಗಿರುತ್ತದೆ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ತಪ್ಪಿಹೋಗುತ್ತದೆ. ನಾನು ದೂರು ಕೊಟ್ಟಾಗಲೆಲ್ಲ ನಿಮ್ಮವರು ಡಿಸ್ಕ್ ಕೆಟ್ಟಿದೆ ಎಂದು ಹೇಳಿ ಇನ್ನೊಂದು ಡಿಸ್ಕ್ ಕಳುಹಿಸಿದ್ದಾರೆ, ‘ಸಮಸ್ಯೆ ಪರಿಹರಿಸಲಾಗಿದೆ’ ಎಂದು ಟಿಕೆಟ್ ಮುಚ್ಚಿದ್ದಾರೆ. ಸಮಸ್ಯೆ ಪರಿಹಾರವಾಗಿಲ್ಲ. ಹೀಗೇ ಡಿಸ್ಕ್ ಬದಲಿಸುತ್ತಾ ಹೋದರೆ ಆಗುವುದೂ ಇಲ್ಲ, ಏಕೆಂದರೆ ಕೆಟ್ಟಿರುವುದು ಡಿಸ್ಕ್ ಅಲ್ಲ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಆ ಪಟ್ಟಿಯನ್ನು ನಿಮ್ಮ ತಂತ್ರಜ್ಞರಿಗೆ ನಾನು ಪ್ರತಿ ಬಾರಿಯೂ ಕಳುಹಿಸಿದ್ದೇನೆ. ಡಿಸ್ಕ್‌ನೊಳಗೆ ಮಾಹಿತಿ ಬರೆದಿಡುವ ತಟ್ಟೆಯ ಮೇಲ್ಮೈ ಹಾಳಾಗುತ್ತಿದ್ದರೆ 5ನೇ ಸಂಖ್ಯೆಯ ಸಾಲಿನಲ್ಲಿ ಬದಲಿ ಸೆಕ್ಟರ್‌ಗಳ (ಕೆಟ್ಟದ್ದರ ಬದಲು ಬಳಸಿದ, ತಟ್ಟೆಯ ಸಣ್ಣ ಭಾಗಗಳ) ಸಂಖ್ಯೆ ಏರಬೇಕು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳು 197ನೇ ಸಾಲಿನಲ್ಲಿ ಕಾಣಬೇಕು. ನೀವು ‘ಕೆಟ್ಟಿದೆ’ ಎಂದ ಪ್ರತಿಯೊಂದು ಡಿಸ್ಕ್‌ನಲ್ಲೂ ಈ ಎರಡೂ ಸಾಲುಗಳು ಸೊನ್ನೆಯಲ್ಲಿದ್ದವು. ಏರುತ್ತಿದ್ದುದು 199ನೇ ಸಾಲು, ಅಂದರೆ ಸಿಆರ್‌ಸಿ ದೋಷಗಳ ಲೆಕ್ಕ. ಇದು ಡಿಸ್ಕ್‌ಗೂ ಬೋರ್ಡಿಗೂ ನಡುವಿನ ದಾರಿಯಲ್ಲಿ ಮಾಹಿತಿ ಕೆಟ್ಟಾಗ ಏರುವ ಲೆಕ್ಕ. ಇದು ಏರುತ್ತಿದ್ದರೆ ಮೊದಲು ನೋಡಬೇಕಾದದ್ದು ಕೇಬಲ್ಲನ್ನು ಮತ್ತು ಕನೆಕ್ಟರನ್ನು. ನಿಮ್ಮ ಪೆಟ್ಟಿಗೆಯೊಳಗೆ ಕೇಬಲ್ ಇಲ್ಲ, ನಾಲ್ಕೂ ಡಿಸ್ಕ್‌ಗಳು ನೇರವಾಗಿ ಬ್ಯಾಕ್‌ಪ್ಲೇನ್‌ಗೆ, ಅಂದರೆ ಸ್ಲಾಟ್‌ಗಳ ಹಿಂದಿರುವ ಕನೆಕ್ಟರ್‌ಗಳ ಫಲಕಕ್ಕೆ, ಕೂರುತ್ತವೆ. ಹಾಗಾಗಿ ಹುಡುಕಬೇಕಾದ ಜಾಗ ಬಹಳ ಚಿಕ್ಕದು.

ನಡೆದದ್ದನ್ನು ಸರ್ವರ್ ತಾನೇ ಬರೆದಿಡುವ ಲಾಗ್ ಕೂಡ ಇದನ್ನೇ ಹೇಳುತ್ತದೆ. ಡಿಸ್ಕ್ ಕಾಣೆಯಾಗುವ ಮೊದಲು ಮೂರನೇ ಸ್ಲಾಟಿನ ಸಂಪರ್ಕವನ್ನು ವ್ಯವಸ್ಥೆ ಹಲವು ಸಲ ಹೊಸದಾಗಿ ಕಟ್ಟಲು ಯತ್ನಿಸುತ್ತದೆ. ಆಗದಿದ್ದಾಗ ವೇಗವನ್ನು ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೆ, ಅಲ್ಲಿಂದ 1.5ಕ್ಕೆ ಇಳಿಸುತ್ತದೆ, ಕೊನೆಗೆ ಕೈಬಿಡುತ್ತದೆ. ಉಳಿದ ಮೂರು ಸ್ಲಾಟ್‌ಗಳು ಆ ಹೊತ್ತಿನಲ್ಲೂ ಪೂರ್ಣ ವೇಗದಲ್ಲಿಯೇ ಇರುತ್ತವೆ.

ಇಷ್ಟರ ಮೇಲೂ ಅನುಮಾನ ಉಳಿಯಬಾರದೆಂದು ಡಿಸ್ಕ್‌ಗಳ ಸ್ಥಾನ ಬದಲಿಸಿ ನೋಡಿದೆ. ಮೂರನೆಯದರಲ್ಲಿದ್ದುದನ್ನು ಒಂದನೆಯದಕ್ಕೆ ಹಾಕಿದೆ, ಒಂದನೆಯದನ್ನು ಮೂರಕ್ಕೆ ತಂದೆ. ಅದುವರೆಗೆ ಒಂದು ದೋಷವನ್ನೂ ದಾಖಲಿಸದಿದ್ದ ಡಿಸ್ಕ್ ಮೂರನೇ ಸ್ಲಾಟಿಗೆ ಬಂದ ಕೂಡಲೇ ಸಿಆರ್‌ಸಿ ದೋಷ ತೋರಿಸತೊಡಗಿತು; ನೀವು ಕೆಟ್ಟಿದೆ ಎಂದದ್ದು ಒಂದನೇ ಸ್ಲಾಟಿನಲ್ಲಿ ನೆಮ್ಮದಿಯಾಗಿ ಓಡಿತು. ಅದರ 199ನೇ ಸಾಲಿನ ಹಳೆಯ ಸಂಖ್ಯೆ ಅಳಿಯಲಿಲ್ಲ, ಆದರೆ ಆಮೇಲೆ ಒಂದೂ ಹೆಚ್ಚಲಿಲ್ಲ. ಎಲ್ಲ ಡಿಸ್ಕ್‌ಗಳನ್ನೂ ಹೀಗೆ ಸುತ್ತು ಹಾಕಿಸಿದೆ. ಯಾವ ಡಿಸ್ಕ್ ಇಟ್ಟರೂ ದೋಷ ಆ ಸ್ಲಾಟಿನಲ್ಲಿಯೇ ಉಳಿಯಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆಯನ್ನು ಒಬ್ಬ ಗ್ರಾಹಕ ಮನೆಯಲ್ಲಿ ಕುಳಿತು ಕೊಡಲಾರ.

ಇದನ್ನೆಲ್ಲ ಬರೆದ ಮೇಲೆ ನೀವು ಪೆಟ್ಟಿಗೆಯನ್ನು ಬೆಂಗಳೂರಿಗೆ ತರಿಸಿಕೊಂಡಿರಿ. ಅದು ‘ದೋಷ ಕಂಡುಬಂದಿಲ್ಲ’ ಎಂಬ ಷರಾದೊಂದಿಗೆ ಮರಳಿ ಬಂತು. ನಿಮ್ಮ ಸರ್ವಿಸ್ ಸೆಂಟರ್‌ನ ಚೀಟಿಯಲ್ಲಿ ಬರೆದಿರುವ ಪ್ರಕಾರ ಒಂದು ಡಿಸ್ಕ್ ಹಾಕಿ ಚಾಲೂ ಮಾಡಿ ನೋಡಲಾಗಿದೆ, ಡಿಸ್ಕ್‌ನ ಸ್ವಯಂಪರೀಕ್ಷೆ ನಡೆಸಲಾಗಿದೆ. ನನಗೆ ಅತ್ಯಂತ ಬೇಸರ ತಂದದ್ದು ಈ ಚೀಟಿ. ಭಾರ ಬಿದ್ದಾಗ ಮಾತ್ರ ಬರುವ ದೋಷವಿದು. ತಿಂಗಳಿಗೊಮ್ಮೆ ಎಲ್ಲ ಡಿಸ್ಕ್‌ಗಳನ್ನೂ ತುದಿಯಿಂದ ತುದಿಗೆ ಓದಿ ತಾಳೆ ನೋಡುವ ಸ್ಕ್ರಬ್ ನಡೆಯುವಾಗ, ನಾಲ್ಕೂ ಡಿಸ್ಕ್‌ಗಳು ಏಕಕಾಲಕ್ಕೆ ಗಂಟೆಗಟ್ಟಲೆ ದುಡಿದು ಪೆಟ್ಟಿಗೆ ಬಿಸಿಯಾದಾಗ ಅದು ಕಾಣಿಸಿಕೊಳ್ಳುತ್ತದೆ. ಒಂದೇ ಡಿಸ್ಕ್ ಹಾಕಿ ಸ್ವಲ್ಪ ಹೊತ್ತು ನೋಡಿದರೆ ಹೇಗೆ ಸಿಕ್ಕೀತು? ಆ ಡಿಸ್ಕನ್ನು ಯಾವ ಸ್ಲಾಟಿಗೆ ಹಾಕಿದಿರಿ ಎಂಬುದನ್ನೂ ಚೀಟಿಯಲ್ಲಿ ಬರೆದಿಲ್ಲ. ಇನ್ನು ಸ್ವಯಂಪರೀಕ್ಷೆಯಂತೂ ಡಿಸ್ಕ್ ತನ್ನೊಳಗೇ ತನ್ನ ತಟ್ಟೆಗಳನ್ನು ಓದಿಕೊಳ್ಳುವ ಕೆಲಸ. ಓದಿದ ಮಾಹಿತಿ ಕನೆಕ್ಟರ್ ದಾಟಿ ಹೊರಗೆ ಬರುವುದೇ ಇಲ್ಲ. ಸಂಪರ್ಕದ ದೋಷವನ್ನು ಹುಡುಕಲು ಸಂಪರ್ಕವನ್ನೇ ಬಳಸದ ಪರೀಕ್ಷೆ ನಡೆಸಿ, ಎಲ್ಲವೂ ಸರಿಯಿದೆ ಎಂದು ಬರೆದುಕೊಟ್ಟಿದ್ದೀರಿ.

ದೂರವಾಣಿಯಲ್ಲಿ ಮಾತನಾಡಿದ ನಿಮ್ಮ ಸಿಬ್ಬಂದಿ ನಮ್ಮ ಕಡೆಯ ವಿದ್ಯುತ್ತಿನ ಮೇಲೆ ಹೊಣೆ ಹೊರಿಸಿದರು. ನಾನಿರುವುದು ಸಾಗರದಲ್ಲಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ವಿದ್ಯುತ್ ಹೋಗಿಬರುವುದು ಯಾರಿಗೂ ಹೊಸದಲ್ಲ. ಅದಕ್ಕೆಂದೇ ಸರ್ವರನ್ನು ಮೊದಲ ದಿನದಿಂದ ಯುಪಿಎಸ್ ಮೇಲೆ ಇಟ್ಟಿದ್ದೇನೆ. ಡಿಸ್ಕ್ ತಪ್ಪಿಹೋದ ಸಮಯಗಳನ್ನೂ ಯುಪಿಎಸ್ ಬ್ಯಾಟರಿಗೆ ಬದಲಾದ ಸಮಯಗಳನ್ನೂ ಅಕ್ಕಪಕ್ಕ ಇಟ್ಟು ಕಳುಹಿಸಿದ್ದೇನೆ, ಒಂದಕ್ಕೊಂದು ಸಂಬಂಧವಿಲ್ಲ. ಅಡಾಪ್ಟರ್ ಸಾಲುತ್ತಿಲ್ಲವೇನೋ ಎಂಬ ಪ್ರಶ್ನೆಯನ್ನೂ ಬಿಟ್ಟಿಲ್ಲ. ಇಂಥ ಡಿಸ್ಕ್ ತಿರುಗಲು ಆರಂಭಿಸುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ನಾಲ್ಕೂ ಒಟ್ಟಿಗೆ ಎದ್ದರೆ 8 ಆಂಪಿಯರ್. ಅಡಾಪ್ಟರ್ ಸೋಲುವುದಿದ್ದರೆ ಆ ಗಳಿಗೆಯಲ್ಲಿಯೇ ಸೋಲಬೇಕು. ಇಲ್ಲಿ ಚಾಲೂ ಮಾಡುವಾಗ ಎಂದೂ ತೊಂದರೆಯಾಗಿಲ್ಲ. ಪರಿಚಯದವರ ಬಳಿಯಿದ್ದ ಇದೇ ಮಾದರಿಯ ಅಡಾಪ್ಟರ್ ಹಾಕಿ ನೋಡಿದಾಗಲೂ ಮೂರನೇ ಸ್ಲಾಟ್ ಹಾಗೆಯೇ ನಡೆದುಕೊಂಡಿತು.

ಡಿಸ್ಕ್ ಬದಲಿಸುವುದು ಉಚಿತವಲ್ಲವೇ, ಗ್ರಾಹಕರಿಗೇನು ನಷ್ಟ ಎಂದು ನಿಮ್ಮವರೊಬ್ಬರು ಕೇಳಿದರು. ನಷ್ಟವಿದೆ. ಈ ನಾಲ್ಕು ಡಿಸ್ಕ್‌ಗಳ ಗುಂಪು ರೇಡ್ 5 ವಿಧಾನದಲ್ಲಿದೆ, ಅಂದರೆ ಒಂದು ಡಿಸ್ಕ್‌ನ ಮಾಹಿತಿಯನ್ನು ಉಳಿದ ಮೂರರಿಂದ ಮತ್ತೆ ಕಟ್ಟಬಹುದು. ಒಂದು ಹೋದರೆ ತಾಳುತ್ತದೆ, ಎರಡನೆಯದೂ ಹೋದರೆ ಇಡೀ ಗುಂಪು ಹೋಗುತ್ತದೆ. ಹೊಸ ಡಿಸ್ಕ್ ಹಾಕಿದಾಗಲೆಲ್ಲ ಉಳಿದ ಮೂರನ್ನೂ ಪೂರ್ತಿ ಓದಿ ನಾಲ್ಕನೆಯದನ್ನು ತುಂಬಬೇಕು. 8 ಟೆರಾಬೈಟ್‌ನ ಡಿಸ್ಕ್‌ಗೆ ಈ ರೀಬಿಲ್ಡ್ ಅರ್ಧ ದಿನಕ್ಕೂ ಮಿಕ್ಕಿ ಹಿಡಿಯುತ್ತದೆ. ಅಷ್ಟು ಹೊತ್ತೂ ರಕ್ಷಣೆ ಇರುವುದಿಲ್ಲ, ಅಷ್ಟು ಹೊತ್ತೂ ಪೆಟ್ಟಿಗೆಯ ಮೇಲೆ ಪೂರ್ಣ ಭಾರವಿರುತ್ತದೆ. ಮೂರನೇ ಸ್ಲಾಟ್ ಕೈಕೊಡುವುದು ಅಂಥ ಹೊತ್ತಿನಲ್ಲಿಯೇ. ಹಾಗಾಗಿ ರೀಬಿಲ್ಡ್ ನಡುವೆ ನಿಂತು ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿದೆ. ಗಟ್ಟಿಮುಟ್ಟಾದ ಡಿಸ್ಕನ್ನು ತೆಗೆಸಿ ನೀವು ನನ್ನನ್ನು ಪ್ರತಿ ಸಲವೂ ಈ ಅಪಾಯಕ್ಕೆ ತಳ್ಳಿದ್ದೀರಿ.

ಅದರಲ್ಲಿರುವುದು ಏನೆಂದು ನಿಮಗೆ ತಿಳಿಸಬೇಕು. ನಮ್ಮ ಸುತ್ತಲಿನ ಊರುಗಳ ಹೆಂಗಸರು ಹಾಡಿದ ಮದುವೆಯ ಹಾಡು, ಆರತಿಯ ಹಾಡು, ಬೀಸುವ ಹಾಡುಗಳನ್ನು ನಮ್ಮ ಮನೆಯವರು ಕ್ಯಾಸೆಟ್ ಕಾಲದಿಂದಲೂ ಧ್ವನಿಮುದ್ರಿಸಿಕೊಂಡು ಬಂದಿದ್ದಾರೆ. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿದ ಆ ಕ್ಯಾಸೆಟ್‌ಗಳಲ್ಲಿ ಬಹಳಷ್ಟನ್ನು ಇನ್ನೊಮ್ಮೆ ಕೇಳಲಾಗದು. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ರೇಡ್ ಎಂದರೆ ಬ್ಯಾಕಪ್ ಅಲ್ಲ ಎಂದು ನಿಮ್ಮವರು ಬುದ್ಧಿವಾದ ಹೇಳಿದರು. ಅದು ಗೊತ್ತಿರುವುದರಿಂದಲೇ ಇನ್ನೊಂದು ಪ್ರತಿ ಬೇರೆ ಊರಿನಲ್ಲಿದೆ. ನಾನು ನಿಮ್ಮಿಂದ ಮಾಹಿತಿ ಮರಳಿ ಪಡೆಯುವ ಸೇವೆಯನ್ನು ಕೇಳುತ್ತಿಲ್ಲ. ಹಣ ಕೊಟ್ಟು ಕೊಂಡ ಯಂತ್ರದ ನಾಲ್ಕು ಸ್ಲಾಟ್‌ಗಳೂ ಕೆಲಸ ಮಾಡಬೇಕು ಎಂದು ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ನೀವು ಬದಲಿಗೆ ಕಳುಹಿಸಿದ ಡಿಸ್ಕ್‌ಗಳ ಮೇಲೆ ಅವು ದುರಸ್ತಿಯಾಗಿ ಮರುಪ್ರಮಾಣಿತವಾದವು ಎಂಬ ಚೀಟಿಯಿದೆ. ನಾನು ಕೊಟ್ಟದ್ದು ಹೊಸ ಡಿಸ್ಕ್‌ಗಳನ್ನು, ಅವು ಸರಿಯಾಗಿಯೇ ಇದ್ದವು. ಅವುಗಳನ್ನು ನಿಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದರೆ ಆ ವರದಿಯನ್ನು ನನಗೆ ಕೊಡಿ. ಅವುಗಳಲ್ಲಿ ದೋಷ ಸಿಗದಿದ್ದರೆ, ನನ್ನ ಮಾತನ್ನು ನಿಮ್ಮದೇ ಕಾಗದ ಸಮರ್ಥಿಸುತ್ತದೆ.

ಆದ್ದರಿಂದ ಪೆಟ್ಟಿಗೆಯ ಬ್ಯಾಕ್‌ಪ್ಲೇನನ್ನು ಬದಲಿಸಿಕೊಡಿ, ಅಥವಾ ಪೆಟ್ಟಿಗೆಯನ್ನೇ ಹೊಸದಾಗಿ ಕೊಡಿ. ಕಳುಹಿಸುವ ಮೊದಲು ನಾಲ್ಕೂ ಸ್ಲಾಟ್‌ಗಳಲ್ಲಿ ಡಿಸ್ಕ್ ಹಾಕಿ, ಕನಿಷ್ಠ ಒಂದು ಪೂರ್ಣ ಸ್ಕ್ರಬ್ ಮುಗಿಯುವವರೆಗೆ ಓಡಿಸಿ, ಪ್ರತಿ ಸ್ಲಾಟಿನ ಸಿಆರ್‌ಸಿ ಲೆಕ್ಕವನ್ನು ಮೊದಲು ಮತ್ತು ಕೊನೆಗೆ ಬರೆದುಕೊಡಿ. ಮರುಪ್ರಮಾಣಿತ ಡಿಸ್ಕ್‌ಗಳನ್ನು ಹಿಂದಕ್ಕೆ ಪಡೆದು ಹೊಸ ಡಿಸ್ಕ್‌ಗಳನ್ನು ಕೊಡಿ. ಈ ಓಡಾಟದಲ್ಲಿ ಕಳೆದುಹೋದ ಅವಧಿಯನ್ನು ವಾರಂಟಿಗೆ ಸೇರಿಸಿ, ಕೊರಿಯರ್ ವೆಚ್ಚವನ್ನು ಮರಳಿಸಿ. ದೂರನ್ನು ದೂರವಾಣಿಯ ಸರದಿಯಲ್ಲಿ ಮತ್ತೆ ಮೊದಲಿನಿಂದ ಹೇಳಿಸದೆ, ಲಾಗ್ ಓದಬಲ್ಲ ಒಬ್ಬ ಎಂಜಿನಿಯರ್‌ಗೆ ಒಪ್ಪಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೋಷಪೂರಿತ ಸರಕು ಮತ್ತು ಸೇವಾ ನ್ಯೂನತೆಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ, ಆದ್ದರಿಂದ ಬೆಂಗಳೂರಿಗೆ ಬರುವ ಅಗತ್ಯ ನನಗಿಲ್ಲ. ಬಿಲ್ಲು, ಲಾಗ್‌ಗಳು, ಪ್ರತಿ ಡಿಸ್ಕ್‌ನ ಸ್ಮಾರ್ಟ್ ಪಟ್ಟಿ, ಯುಪಿಎಸ್ ದಾಖಲೆ ಹಾಗೂ ನಿಮ್ಮ ಸರ್ವಿಸ್ ಚೀಟಿಗಳ ಪ್ರತಿಗಳನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ದಯವಿಟ್ಟು ಇನ್ನೊಂದು ಡಿಸ್ಕ್ ಕಳುಹಿಸಬೇಡಿ, ಬಂದರೂ ಸ್ವೀಕರಿಸುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ,
ಸಾಗರ, ಶಿವಮೊಗ್ಗ ಜಿಲ್ಲೆ