ಒದ್ದೆ ಕೈಗೆ ಒಗ್ಗುವ ಗುಂಡಿಗಳಿರಲಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಗೆಯುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸವಾದ್ದರಿಂದ, ನಮ್ಮಲ್ಲಿ ಅನೇಕರು ವಾಷಿಂಗ್ ಮಷಿನ್ ತರುವುದೇ ಮುಖ್ಯವಾಗಿ ಬಟ್ಟೆ ಹಿಂಡಲಿಕ್ಕೆ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಕಳೆದ ವರ್ಷ ಬಂದ ಯಂತ್ರದಲ್ಲಿ ತಿರುಗಿಸುವ ಗುಂಡಿ ಒಂದೂ ಇಲ್ಲ. ನುಣುಪಾದ ಪಟ್ಟಿಯ ಮೇಲೆ ಸಾಲು ಚಿಹ್ನೆಗಳು, ಅವುಗಳ ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳು ಮಾತ್ರ ಇವೆ.

ಇಂಥ ಪಟ್ಟಿಗಳು ಬೆರಳು ತಾಗಿದಾಗ ಕೆಪಾಸಿಟೆನ್ಸ್‌ನಲ್ಲಿ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯದಲ್ಲಿ, ಆಗುವ ಸಣ್ಣ ವ್ಯತ್ಯಾಸವನ್ನು ಗುರುತಿಸಿ ಕೆಲಸ ಮಾಡುತ್ತವೆ. ನೀರಿನ ಹನಿ ಬಿದ್ದರೆ ಆ ಲೆಕ್ಕ ತಪ್ಪುತ್ತದೆ. ಒಣಗಿ ದಡ್ಡುಗಟ್ಟಿದ ಬೆರಳನ್ನು ಅವು ಎಷ್ಟೋ ಸಲ ಗುರುತಿಸುವುದೇ ಇಲ್ಲ. ಬಟ್ಟೆ ತೊಳೆಯುವ ಯಂತ್ರದ ಬಳಿ ಒದ್ದೆ ಕೈಯಲ್ಲದೆ ಇನ್ನೇನು ಬಂದೀತು? ವರ್ಷಗಟ್ಟಲೆ ಅಡಿಕೆ ಸುಲಿದ ನನ್ನ ಅಮ್ಮನ ಬೆರಳಿಗಂತೂ ಅದು ಮೂರನೆಯ ಒತ್ತಿಗೆ ಮನಸ್ಸಾದರೆ ಓಗೊಡುತ್ತದೆ.

ಗಾಳಿಮಳೆಗೆ ಕರೆಂಟು ಹೋಗಿ ಬಂದಾಗ ಇನ್ನೊಂದು ತೊಡಕು. ಹಳೆಯ ಸೆಮಿ ಆಟೊಮ್ಯಾಟಿಕ್ ಯಂತ್ರದ ಟೈಮರಿಗೆ ಕರೆಂಟು ಇಲ್ಲದಿದ್ದರೂ ಟಿಕ್ ಟಿಕ್ ಎಂದು ಓಡುತ್ತಲೇ ಇರುವ ದೋಷವಿತ್ತು ನಿಜ, ಆದರೆ ಅದು ಎಲ್ಲಿಗೆ ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಕತ್ತಲಲ್ಲಿ ಕೈಗೂ ತಿಳಿಯುತ್ತಿತ್ತು. ಹೊಸ ಯಂತ್ರಗಳಲ್ಲಿ ಕೆಲವು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಎಲ್ಲವನ್ನೂ ಮರೆತು ಮತ್ತೆ ಮೊದಲಿನಿಂದ ಒತ್ತಿಸಿಕೊಳ್ಳುತ್ತವೆ. ಯಾವುದು ಹೇಗೆಂದು ಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಹಾಗೆಂದು ಎಲ್ಲಕ್ಕೂ ಗುಂಡಿಯೇ ಮೇಲು ಎಂದು ವಾದಿಸುತ್ತಿಲ್ಲ. ಮಿಕ್ಸಿಯ ಗುಂಡಿಯನ್ನು ಮೂರರಲ್ಲಿ ಮರೆತಿದ್ದರೆ, ಕರೆಂಟು ಬಂದೊಡನೆ ಬ್ಲೇಡು ತಾನಾಗಿ ತಿರುಗುತ್ತದೆ. ಬ್ಲೇಡು ಮತ್ತು ಬೆಂಕಿಯ ಕೆಲಸದ ಯಂತ್ರಗಳು ಕರೆಂಟು ಮರಳಿದಾಗ ಆರಿಯೇ ಇರಬೇಕು, ನೀರು ತುಂಬಿಕೊಂಡು ಅರ್ಧಕ್ಕೆ ನಿಂತ ಯಂತ್ರ ಮಾತ್ರ ತನ್ನ ಕೆಲಸವನ್ನು ನೆನಪಿಟ್ಟುಕೊಳ್ಳಬೇಕು.

ಮೊಬೈಲ್ ಆ್ಯಪ್‌ನಿಂದ ನಡೆಸಬಹುದೆಂದು ಅಂಗಡಿಯವರು ಹೇಳಿದ್ದರು. ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಊರಿನವರಿಗೆ ಆ ಮಾತಿನಿಂದ ಸಮಾಧಾನವಾಗುವುದಿಲ್ಲ.

ಆರಂಭಿಸುವುದು, ನಿಲ್ಲಿಸುವುದು, ಹಿಂಡುವುದು, ಈ ಮೂರಕ್ಕಾದರೂ ಕೈಗೆ ಸಿಗುವ, ಒತ್ತಿದಾಗ ಒತ್ತಿದ್ದು ತಿಳಿಯುವ ಗುಂಡಿಗಳನ್ನು ತಯಾರಕರು ಉಳಿಸಬೇಕು. ಹೆಸರುಗಳನ್ನು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಅಚ್ಚು ಹಾಕಬೇಕು. ಹಳೆಯ ಫೋನಿನ 5ರ ಗುಂಡಿಯ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ, ಕಣ್ಣು ಕಾಣದವರೂ ಅದನ್ನು ಹಿಡಿದು ಉಳಿದ ಅಂಕಿಗಳನ್ನು ಲೆಕ್ಕ ಹಾಕುತ್ತಾರೆ. ಅಷ್ಟೇ ಸರಳವಾದ ಒಂದು ಗುರುತು ಈ ಪಟ್ಟಿಯ ಮೇಲೂ ಇರಬಹುದಿತ್ತು. ಅದು ಇಲ್ಲದ್ದರಿಂದ ಅಮ್ಮ ಆರಂಭದ ಚಿಹ್ನೆಯ ಪಕ್ಕದಲ್ಲಿ ತಮ್ಮ ಹಣೆಯ ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿಕೊಂಡಿದ್ದಾರೆ.

– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು